‘ಕ್ಲೋಸ್ ಟು ದ ಎಡ್ಜ್’: ಹಳೇ ಪ್ಲೇಟೋ, 2003ರ ಸಿಡಿಯೋ, ವಿಲ್ಸನ್ ಮಿಕ್ಸೋ?

ನನ್ನ ಓಟು ಸಂಗೀತಗಾರ ಸ್ಟೀವನ್ ವಿಲ್ಸನ್ 2013ರಲ್ಲಿ ಕೊಟ್ಟ ಮಿಕ್ಸ್‌ಗೆ, ಅಂದರೆ ವಾದ್ಯ-ಕಂಠಗಳ ಹೊಸ ಬೆರಕೆಗೆ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ (ಪ್ರೋಗ್) ತಂಡ ಯೆಸ್‌ನ 1972ರ ಈ ಆಲ್ಬಮ್ಮನ್ನು ಒಂದೇ ಆಂಪ್ಲಿಫೈಯರ್, ಒಂದೇ ಜೋಡಿ ಸ್ಪೀಕರಿನಲ್ಲಿ ಮೂರು ರೂಪದಲ್ಲಿ ಕೇಳಿದ್ದಾಯಿತು: ಎಪ್ಪತ್ತರ ದಶಕದ ಸೆಕೆಂಡ್‌ಹ್ಯಾಂಡ್ ಎಲ್‌ಪಿ (ವಿನೈಲ್ ಪ್ಲೇಟು), ರೈನೋ ಕಂಪನಿಯ 2003ರ ಸಿಡಿ, 2013ರ ಸಿಡಿ-ಬ್ಲೂರೇ ಸೆಟ್ಟು. ದುಡ್ಡನ್ನೂ ತಲೆಯನ್ನೂ ಹೆಚ್ಚು ತಿಂದದ್ದು ಎಲ್‌ಪಿ. ಹಾಗಾಗಿ ಮಾತೂ ಅದರದ್ದೇ ಜಾಸ್ತಿ.

ರೋಜರ್ ಡೀನ್ ಬಿಡಿಸಿದ ಹಸಿರು ಕವರು ಹನ್ನೆರಡು ಇಂಚಿನಲ್ಲೇ ಚೆಂದ. ಆ ಒಂದು ವಿಷಯದಲ್ಲಿ ಸಿಡಿ ಸೋತಿತು, ಮುಗಿಯಿತು.

ತೊಂದರೆ ಇರುವುದು ಮೊದಲ ಬದಿಯ ಕೊನೆಯಲ್ಲಿ. ಶೀರ್ಷಿಕೆ ಹಾಡೊಂದೇ 18 ನಿಮಿಷ ದಾಟುತ್ತದೆ, ಇಡೀ ಬದಿ ಅದಕ್ಕೇ ಮೀಸಲು. ನಿಮಿಷಕ್ಕೆ 33⅓ ಸುತ್ತಿನ ಲೆಕ್ಕದಲ್ಲಿ ಸುಮಾರು 620 ಸುತ್ತು. ಪ್ಲೇಟಿನ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂ.ಮೀ. ಗ್ರೂವ್ (ಸದ್ದು ಕೊರೆದ ಗೀಟು) ಸರಿಯುತ್ತದೆ, ನಡುವಿನಿಂದ 60 ಮಿ.ಮೀ. ದೂರಕ್ಕೆ ಬಂದರೆ ಬರೀ 21 ಸೆಂ.ಮೀ. 8 ಕಿಲೋಹರ್ಟ್ಸ್ ಸದ್ದಿನ ಒಂದು ಅಲೆಗೆ ಹೊರಗಡೆ 64 ಮೈಕ್ರಾನ್ ಜಾಗ ಸಿಕ್ಕರೆ ಒಳಗಡೆ 26. ಗುಂಡುಮೊನೆಯ ಸೂಜಿಯ ತ್ರಿಜ್ಯವೇ 15 ಮೈಕ್ರಾನ್ ಆಸುಪಾಸು. ಅಷ್ಟು ಕಿರಿದಾದ ತಿರುವಿಗೆ ಅದು ಪೂರ್ತಿ ಇಳಿಯುವುದೇ ಇಲ್ಲ, ಗ್ರೂವಿನ ಗೋಡೆ ಉಜ್ಜಿಕೊಂಡು ಮುಂದೆ ಹೋಗುತ್ತದೆ.

ಮಾಮೂಲಿ ಪ್ಲೇಟಿನಲ್ಲಿ ಬದಿಯ ಕೊನೆಗೆ ಮೆತ್ತನೆಯ ಹಾಡೊಂದನ್ನಿಟ್ಟು ಪಾರಾಗಬಹುದು. ಒಂದೇ ಹಾಡು ಇಡೀ ಬದಿ ತುಂಬಿದಾಗ ಆ ದಾರಿ ಇಲ್ಲ. 12 ನಿಮಿಷದ ಸುಮಾರಿಗೆ ರಿಕ್ ವೇಕ್‌ಮನ್‌ರ ಚರ್ಚ್ ಆರ್ಗನ್ ಬರುತ್ತದೆ, 14 ದಾಟಿದ ಮೇಲೆ ‘ಸೀಸನ್ಸ್ ಆಫ್ ಮ್ಯಾನ್’ ಭಾಗ. ಜಾನ್ ಆಂಡರ್ಸನ್ ಕಂಠ ಏರುತ್ತಾ ಹೋಗುತ್ತದೆ, ಮೇಲೆ ಡ್ರಮ್ಸಿನ ಲೋಹದ ತಟ್ಟೆ ಸಿಂಬಲ್ಲು. ಹಾಡಿನ ಅತಿ ಜೋರಾದ ಜಾಗ ಪ್ಲೇಟಿನ ಅತಿ ಇಕ್ಕಟ್ಟಾದ ಜಾಗದಲ್ಲಿ ಬಂದು ಕೂತಿದೆ. ‘ಸ’ಕಾರ ಬಂದಲ್ಲೆಲ್ಲ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ.

ರಿಪೇರಿಯನ್ನು ಅಗ್ಗದ್ದರಿಂದ ಶುರುಮಾಡಬೇಕು. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಶ್ಶು, ಗ್ರೂವ್ ಸುತ್ತುವ ದಿಕ್ಕಿನಲ್ಲೇ ಉಜ್ಜಿ ಮತ್ತೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸುವುದು. ಟಿಕ್ ಟಿಕ್ ಸದ್ದು ಇಳಿಯುತ್ತದೆ, ಸಾಸಿವೆ ಇಳಿಯುವುದಿಲ್ಲ. ಆಮೇಲೆ ಸೂಜಿಯ ಭಾರ. ಆಡಿಯೋ-ಟೆಕ್ನಿಕಾದ ವಿಎಂ95 ಸಾಲಿನ ಕಾರ್ಟ್ರಿಜ್‌ಗಳಿಗೆ (ಸೂಜಿ ಕೂರುವ ಪುಟ್ಟ ಡಬ್ಬಿ) 2 ಗ್ರಾಂ ಸರಿ, 1.8ರಿಂದ 2.2 ನಡೆಯುತ್ತದೆ. ಪ್ಲೇಟು ಸವೆಯದಿರಲಿ ಎಂದು 1.5ಕ್ಕೆ ಇಳಿಸುವವರಿದ್ದಾರೆ, ಭಾರ ಸಾಲದ ಸೂಜಿ ಕುಣಿದು ಗೋಡೆಗೇ ಗುದ್ದುತ್ತದೆ, ಹಾಳಾಗುವುದು ಆಗಲೇ ಹೆಚ್ಚು.

ಸಿಡಿತ ಬಲ ಸ್ಪೀಕರಿನಲ್ಲಿ ಮಾತ್ರ ಕೇಳಿದರೆ ಆ್ಯಂಟಿಸ್ಕೇಟ್, ಅಂದರೆ ತೋಳನ್ನು ಹೊರಕ್ಕೆ ಎಳೆದು ಹಿಡಿಯುವ ಬಲ, ಕಮ್ಮಿಯಾಗಿದೆ ಎಂದರ್ಥ. ಸೂಜಿ ಹೊತ್ತ ತೋಳು ಒಳಕ್ಕೆ ಎಳೆಯುತ್ತಾ ಹೊರಗೋಡೆಯ ಹಿಡಿತ ಬಿಡುತ್ತಿದೆ, ಬಲಗಡೆಯ ಸದ್ದು ಇರುವುದು ಆ ಗೋಡೆಯಲ್ಲಿ. ಎರಡೂ ಕಡೆ ಸಿಡಿದರೆ ಕಾರ್ಟ್ರಿಜ್ ಕೂತ ಕೋನದ ಜೋಡಣೆ ನೋಡಿ. ಜೋಡಣೆಯ ಬೇರ್ವಾಲ್ಡ್ ಪಟ್ಟಿಯಲ್ಲಿ ಕಾರ್ಟ್ರಿಜ್ ಗ್ರೂವಿಗೆ ನೇರ ನಿಲ್ಲುವ ಬಿಂದುಗಳು ಪ್ಲೇಟಿನ ನಡುವಿನಿಂದ 66 ಮತ್ತು 120.9 ಮಿ.ಮೀ.; ಸ್ಟೀವನ್‌ಸನ್ ಪಟ್ಟಿಯಲ್ಲಿ 60.3 ಮತ್ತು 117.4. ಈ ಪ್ಲೇಟಿಗೆ ಸ್ಟೀವನ್‌ಸನ್ ಒಳ್ಳೆಯದು. ನಡುಭಾಗ ಒಂದಿಷ್ಟು ಮಸುಕಾದರೂ ಬದಿಯ ಬಾಲ ತಿಳಿಯಾಗುತ್ತದೆ.

ಕೊನೆಯ ಮದ್ದು ಸೂಜಿಯೇ. ವಿಎಂ95ಇ ಸೂಜಿ ಕಿತ್ತು ವಿಎಂ95ಎಂಎಲ್ ಸಿಕ್ಕಿಸಿದರಾಯಿತು, ಕಾರ್ಟ್ರಿಜ್ ಬಿಚ್ಚುವ ಗೋಜಿಲ್ಲ. ಮೊನೆಯ ಅಂಚು 7.6 ಮೈಕ್ರಾನಿನಿಂದ 3ಕ್ಕೆ ಇಳಿಯುತ್ತದೆ, ಸಿಡಿತ ಅರ್ಧಕ್ಕರ್ಧ ಹೋಗುತ್ತದೆ. ಆದರೆ ನಾನು ಕೊಂಡಾಗ ಆ ಸೂಜಿಯೊಂದರ ಬೆಲೆ 2013ರ ಇಡೀ ಸೆಟ್ಟನ್ನು ಮೀರಿತ್ತು! ಉಳಿದರ್ಧ ಸಿಡಿತ ಹಿಂದಿನ ಯಾರೋ ಸವೆದ ಸೂಜಿಯಲ್ಲಿ ಅರೆದುಹಾಕಿದ ಗೋಡೆಯದು. ಅದಕ್ಕೆ ಮದ್ದಿಲ್ಲ.

ಹಳೇ ಪ್ರೋಗ್ ಪ್ಲೇಟು ಕೊಳ್ಳುವಾಗ ಬೆಳಕಿಗೆ ಹಿಡಿದು ಗೀರು ನೋಡಿದರೆ ಸಾಲದು ಅನ್ನುವುದು ಇದಕ್ಕೇ. ಅಂಗಡಿಯಲ್ಲಿ ಎರಡು ಜಾಗ ಹಾಕಿಸಿ ಕೇಳಿ. ಶುರುವಿನ ಹಕ್ಕಿ, ನೀರಿನ ಸದ್ದಿನ ಭಾಗ, ಅಲ್ಲಿ ಮೇಲ್ಮೈಯ ಕರಕರ ಬಯಲಾಗುತ್ತದೆ. ಬದಿಯ ಕೊನೆಯ ಎರಡು ನಿಮಿಷ, ಅಲ್ಲಿ ಗೋಡೆಯ ಕಥೆ. ಎರಡನೆಯದನ್ನು ಹಾಕಲು ಮಾರುವವನು ಮೀನಮೇಷ ಎಣಿಸಿದರೆ ಪ್ಲೇಟು ಅಲ್ಲೇ ಬಿಟ್ಟು ಬನ್ನಿ.

2003ರ ಸಿಡಿಯಲ್ಲಿ ಈ ರಗಳೆ ಯಾವುದೂ ಇಲ್ಲ. ಅಗ್ಗ. ‘ಅಮೆರಿಕ’ ಸೇರಿ ಹೆಚ್ಚುವರಿ ಹಾಡುಗಳಿವೆ. ಕಿವಿಗೆ ತುಸು ಚೂಪು, ಮೂರನೇ ಸಲ ಹಾಕುವಷ್ಟರಲ್ಲಿ ವಾಲ್ಯೂಮ್ ತಗ್ಗಿಸಬೇಕೆನಿಸುತ್ತದೆ.

ವಿಲ್ಸನ್ ಮಾಡಿದ್ದು ಬರೀ ರೀಮಾಸ್ಟರ್ (ಹಳೇ ಮಿಕ್ಸ್‌ಗೇ ಹೊಸ ಹೊಳಪು) ಅಲ್ಲ, ವಾದ್ಯ-ಕಂಠಗಳು ಬೇರೆಬೇರೆಯಾಗಿ ದಾಖಲಾದ ಮಲ್ಟಿಟ್ರ್ಯಾಕ್ ಟೇಪಿನಿಂದ ಹೊಸದಾಗಿ ಮಿಕ್ಸ್ ಮಾಡಿದ್ದು. ಹಕ್ಕಿಗಳ ಸದ್ದು ಕಡಿದು ತಂಡ ಒಮ್ಮೆಲೇ ನುಗ್ಗುತ್ತದಲ್ಲ, ಅಲ್ಲಿ ಕೇಳಬೇಕು. ಮೂಲದಲ್ಲಿ ಸ್ಟೀವ್ ಹೌ ಗಿಟಾರೂ ಕ್ರಿಸ್ ಸ್ಕ್ವೈರ್ ಬೇಸೂ ಸಂತೆಯ ಗದ್ದಲದಂತೆ ಒಂದರ ಮೇಲೊಂದು ಬೀಳುತ್ತವೆ. ಇಲ್ಲಿ ಗದ್ದಲ ಅದೇ, ಆದರೆ ಯಾರು ಎಲ್ಲಿ ನಿಂತು ಕೂಗುತ್ತಿದ್ದಾರೆಂದು ಬೆರಳಿಟ್ಟು ತೋರಿಸಬಹುದು. ಬಿಲ್ ಬ್ರೂಫರ್ಡ್ ಸ್ನೇರ್ ಡ್ರಮ್ಮಿನ ಹೊಡೆತ ಒಂದೊಂದೂ ಎಣಿಕೆಗೆ ಸಿಗುತ್ತದೆ. ಗದ್ದಲವೇ ಇಷ್ಟ ಅನ್ನುವವರಿಗೆ ಬ್ಲೂರೇಯಲ್ಲಿ ಮೂಲ ಮಿಕ್ಸೂ ಇದೆ. ಎಲ್‌ಪಿಯಲ್ಲಿ ಹುಡುಕುತ್ತಿದ್ದದ್ದು ಸಾಸಿವೆಯಿಲ್ಲದೆ ಸಿಕ್ಕಿತು. ಅಲ್ಲಿಗೆ ನನ್ನ ಮಟ್ಟಿಗೆ ಪಂದ್ಯ ಮುಗಿಯಿತು.

ಸೆಟ್ಟಿನಲ್ಲಿರುವ 5.1 ಮಿಕ್ಸ್ (ಆರು ಚಾನೆಲ್ಲಿನ ಸರೌಂಡ್) ನನ್ನ ಎರಡು ಸ್ಪೀಕರಿನ ಕೋಣೆಗೆ ದಂಡ. ಬ್ಲೂರೇ ಹಾಕಿದಾಗ ಮೆನುವಿನಲ್ಲಿ ಸ್ಟೀರಿಯೋ ಆರಿಸಿದ್ದೀರಾ ನೋಡಿಕೊಳ್ಳಿ. ಇಲ್ಲದಿದ್ದರೆ ಪ್ಲೇಯರ್ ಆರು ಚಾನೆಲ್ಲನ್ನು ಎರಡಕ್ಕೆ ಹಿಂಡಿ ಕೊಡಬಹುದು, ‘ವಿಲ್ಸನ್ ಕೆಡಿಸಿದ’ ಎಂಬ ದೂರು ಅಲ್ಲಿಂದಲೂ ಹುಟ್ಟುತ್ತದೆ. ಈ ಮೆನು ನೋಡಲು ಟಿವಿಯಂಥ ಪರದೆ ಬೇಕು. ಬೇಡವೆನಿಸಿದರೆ ಸೆಟ್ಟಿನ ಸಿಡಿಯಲ್ಲೇ ಹೊಸ ಸ್ಟೀರಿಯೋ ಮಿಕ್ಸ್ ಇದೆ, ಗುಣ ಕೆಡದ ಫ್ಲ್ಯಾಕ್ ಆಡಿಯೋ ಫೈಲಿಗೆ ಇಳಿಸಿಕೊಂಡರೆ ಸಾಕು.

ಸ್ಟ್ರೀಮಿಂಗಿನಲ್ಲಿ ಕೇಳುವವರು ಯಾವ ಆವೃತ್ತಿ ಎಂದು ನೋಡಿ, ಹಾಡುಗಳನ್ನು ಒಂದಕ್ಕೊಂದು ಬೆಸೆಯುವ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ. ಇಲ್ಲದಿದ್ದರೆ ಹಿಂದಿನ ಹಾಡಿನ ಬಾಲ ಇಲ್ಲಿನ ಹಕ್ಕಿಗಳನ್ನು ನುಂಗುತ್ತದೆ. ವಿಲ್ಸನ್‌ರದೇ ತಂಡ ಪೋರ್ಕ್ಯುಪೈನ್ ಟ್ರೀಯ ‘ದ ಇನ್ಸಿಡೆಂಟ್’ (2009) ಆಲ್ಬಮ್ ಈ ವಿಷಯದಲ್ಲಿ ಇನ್ನೂ ನಾಜೂಕು. ಮೊದಲ ಡಿಸ್ಕಿನ 55 ನಿಮಿಷದ ಒಂದೇ ಹೆಣಿಗೆಯನ್ನು 14 ಟ್ರ್ಯಾಕಾಗಿ ತುಂಡರಿಸಿದ್ದಾರೆ. ಗ್ಯಾಪ್‌ಲೆಸ್ (ಟ್ರ್ಯಾಕುಗಳ ನಡುವೆ ಬಿಡುವಿಲ್ಲದೆ ನುಡಿಸುವ ಸೌಲಭ್ಯ) ಇಲ್ಲದ ಪ್ಲೇಯರಿನಲ್ಲಿ ಪ್ರತಿ ಕೀಲಿನಲ್ಲೂ ಬಿಕ್ಕಳಿಕೆ. ಪ್ಲೇಟಿನಲ್ಲೂ ಅಷ್ಟುದ್ದ ಒಂದು ಬದಿಗೆ ಹಿಡಿಯದು.

ರಾತ್ರಿ ಹತ್ತರ ಮೇಲೆ, ತಗ್ಗಿದ ದನಿಯಲ್ಲಿ, ಹೆಚ್ಚಾಗಿ ಹೆಡ್‌ಫೋನಿನಲ್ಲಿ ಕೇಳುವ ಅಭ್ಯಾಸ ನನ್ನದು. ಸೂಜಿಗೆ ಸುರಿದ ಮೇಲೆ ಬಜೆಟ್ಟೂ ಅಷ್ಟಕ್ಕಷ್ಟೆ. ಇದಕ್ಕೆ ವಿಲ್ಸನ್ ಸಿಡಿಯೇ ಹೊಂದಿದ್ದು. ಎಲ್‌ಪಿಯನ್ನು ಮಾರಿಲ್ಲ. ಅದರ ಎರಡನೇ ಬದಿಯ ಮೊದಲ ಹತ್ತು ನಿಮಿಷ, ‘ಆ್ಯಂಡ್ ಯು ಆ್ಯಂಡ್ ಐ’, ಹೊರ ಅಂಚಿನ ವಿಶಾಲ ಗ್ರೂವಿನಲ್ಲಿದೆ. ಹೌ ಅವರ ಹನ್ನೆರಡು ತಂತಿಯ ಗಿಟಾರು ಅಲ್ಲಿ ಉಳಿದೆರಡು ರೂಪಕ್ಕಿಂತಲೂ ಚೆನ್ನಾಗಿ ಮಿಡಿಯುತ್ತದೆ ಅಂತ ಈಗಲೂ ಅನಿಸುತ್ತದೆ. ‘ಸೈಬೀರಿಯನ್ ಖಾತ್ರು’ ಶುರುವಾಗುವ ಹೊತ್ತಿಗೆ ಎದ್ದು ತೋಳು ಎತ್ತಬೇಕು, ಅಷ್ಟೆ.