ಬಂಕಿನಲ್ಲಿ ಲೋಡ್ ಇಳಿಯುತ್ತಿದ್ದರೆ ಒಳಗೆ ಗಾಡಿ ತಿರುಗಿಸಬೇಡಿ

ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕರ್ ನಿಂತು, ಅದರ ಪೈಪು ನೆಲದ ಟ್ಯಾಂಕಿಗೆ ಇಳಿದಿರುವುದು ಕಂಡರೆ ದಯವಿಟ್ಟು ಮುಂದಿನ ಬಂಕಿಗೆ ಹೋಗಿ. ಗಾಡಿಯಲ್ಲಿ ಪೆಟ್ರೋಲ್ ಪೂರ್ತಿ ಮುಗಿದಿದ್ದರೆ ರಸ್ತೆ ಬದಿಯಲ್ಲೇ ನಿಂತು ಕಾಯಿರಿ. ಮಕ್ಕಳು ಜೊತೆಗಿದ್ದರಂತೂ ಒಳಗೆ ಕಾಲಿಡಲೇಬೇಡಿ.

ಹಾಸನದ ಹತ್ತಿರ ಹೆದ್ದಾರಿಯ ಒಂದು ಬಂಕಿನಲ್ಲಿ ನಡೆದದ್ದಿದು. ಸಂಜೆ ಹೊತ್ತು, ಜನ ಜಾಸ್ತಿ. ಟ್ಯಾಂಕರ್ ಹಿಂಬದಿಗೆ ನಿಂತಿತ್ತು. ಅಡ್ಡ ಹಗ್ಗವಿಲ್ಲ, ಕೋನ್ ಇಲ್ಲ, ಒಂದು ಬೋರ್ಡೂ ಇಲ್ಲ. ಹುಡುಗರು ಕೈಬೀಸಿ ಕರೆದು, ಪೈಪಿನ ಪಕ್ಕದ ಸಾಲಿಗೇ ನಮ್ಮನ್ನು ಬಿಟ್ಟರು. ಸೀಟು ಎತ್ತಬೇಕಾದ್ದರಿಂದ ಮಗಳು ಸ್ಕೂಟರಿನಿಂದ ಇಳಿದು ನಿಂತಳು. ಪೈಪು ಜೋಡಿಸುವ ಕಪ್ಲಿಂಗ್ ಆಗಲೇ ತೊಟ್ಟಿಕ್ಕುತ್ತಿತ್ತು, ಅದರ ಕೆಳಗೆ ಯಾರೋ ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದರು. ನೋಡನೋಡುತ್ತಲೇ ಕಪ್ಲಿಂಗ್ ಕಳಚಿಕೊಂಡಿತು. ಪೆಟ್ರೋಲ್ ದಬದಬ ಸುರಿದು ನಮ್ಮ ಸಾಲಿನ ಕಡೆಗೇ ಹರಿಯಿತು. ಮಗಳ ಕಾಲು ಮಂಡಿವರೆಗೆ ತೊಯ್ದುಹೋಯಿತು.

ಗಾಬರಿಯಲ್ಲಿ ಮುಂದಿದ್ದವನೊಬ್ಬ ಬೈಕಿನ ಕಿಕ್ಕರ್ ಮೇಲೆ ಕಾಲಿಟ್ಟ. “ಸ್ಟಾರ್ಟ್ ಮಾಡ್ಬೇಡಿ ಅಣ್ಣಾ, ತಳ್ಕೊಂಡು ಹೋಗಿ!” ಎಂದು ಟ್ಯಾಂಕರ್ ಚಾಲಕ ಕೂಗುತ್ತಲೇ ಓಡಿ ಬಂದು ವಾಲ್ವ್ ಮುಚ್ಚಿದ. ಆ ಮನುಷ್ಯ ಕೂಗದೇ ಹೋಗಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಕೈ ನಡುಗುತ್ತದೆ. ಬಂಕಿನವರು ಮಾಡಿದ್ದೇನು? ಮರಳು ಹಾಕುವ ಬದಲು ನೀರು ಬಿಟ್ಟು ಎಲ್ಲವನ್ನೂ ಚರಂಡಿಗೆ ತೊಳೆದರು. ಚರಂಡಿ ಪಕ್ಕದಲ್ಲೇ ಗೋಬಿ ಗಾಡಿ, ಉರಿಯುತ್ತಿದ್ದ ಒಲೆ. ನಾವು ನಾಲ್ಕೈದು ಜನ ಓಡಿಹೋಗಿ ಅದನ್ನು ಆರಿಸಿಸಿದೆವು.

ಬೆಂಕಿ ಹತ್ತಲಿಲ್ಲ. ಆದರೂ ಮಗಳು “ಅಪ್ಪಾ, ಕಾಲು ಉರೀತಿದೆ” ಎಂದು ಅಳತೊಡಗಿದಳು. ಒದ್ದೆ ಜೀನ್ಸ್ ಮೈಗೆ ಅಂಟಿಕೊಂಡಿತ್ತು, ರಾತ್ರಿಯೊಳಗೆ ಬೊಬ್ಬೆ ಎದ್ದವು. ಪೆಟ್ರೋಲಿನಲ್ಲಿ ನೆನೆದ ಬಟ್ಟೆ ಮೈಮೇಲೆ ಉಳಿದರೆ ಬೆಂಕಿಯಿಲ್ಲದೆಯೂ ಚರ್ಮ ಸುಡುತ್ತದೆ. ಹೀಗಾದರೆ ಮರ್ಯಾದೆ ನೋಡದೆ ಅಲ್ಲೇ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಆ ಬಟ್ಟೆಯನ್ನು ಅಡುಗೆಮನೆಯ ಹತ್ತಿರ ತರಬೇಡಿ.

ನಮ್ಮ ಭಾವ ಟ್ಯಾಂಕರ್ ಓಡಿಸುತ್ತಾರೆ. ಅವರಿಗೆ ಹೇಳಿದಾಗ ಮೊದಲು ಕೇಳಿದ್ದೇ “ಅರ್ಥಿಂಗ್ ವೈರ್ ಹಾಕಿದ್ರಾ?” ಅಂತ. ಹಾಕಿರಲಿಲ್ಲ, ವೈರ್ ಸುರುಳಿ ಸುತ್ತಿ ಟ್ಯಾಂಕರಿಗೇ ನೇತುಹಾಕಿತ್ತು. ಪೈಪಿನಲ್ಲಿ ಪೆಟ್ರೋಲ್ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಅದು ನೆಲಕ್ಕೆ ಇಳಿಯದಿದ್ದರೆ ಒಂದು ಸಣ್ಣ ಕಿಡಿ ಸಾಕು. ಪೈಪು ಜೋಡಿಸುವ ಮೊದಲೇ ಆ ವೈರ್ ಹಾಕಬೇಕು, ಎಲ್ಲ ಮುಗಿದ ಮೇಲೆ ಕೊನೆಗೆ ತೆಗೆಯಬೇಕು. ಪ್ಲಾಸ್ಟಿಕ್ ಬಕೆಟ್ ಇಡಲೇಬಾರದು ಎನ್ನುವುದೂ ಇದೇ ಕಾರಣಕ್ಕೆ. ಇಂಜಿನ್ ಆಫ್, ಚಕ್ರಕ್ಕೆ ಅಡ್ಡಗಟ್ಟೆ, ಸುತ್ತ ಕೋನ್, ಕೈಗೆಟಕುವಂತೆ ಅಗ್ನಿಶಾಮಕ ಸಿಲಿಂಡರ್, ಮರಳು ತುಂಬಿದ ಬಕೆಟ್. ಇಷ್ಟೂ ಇರಬೇಕು, ಚಾಲಕ ಅಲ್ಲಿಂದ ಕದಲಬಾರದು.

ಚೆಲ್ಲದಿದ್ದರೂ ಅಪಾಯ ಇದ್ದೇ ಇರುತ್ತದೆ. ನೆಲದೊಳಗಿನ ಟ್ಯಾಂಕಿಗೆ 4000 ಲೀಟರ್ ಇಳಿದರೆ, ಒಳಗಿದ್ದ ಹೆಚ್ಚುಕಡಿಮೆ ಅಷ್ಟೇ ಆವಿ ತುಂಬಿದ ಗಾಳಿ ವೆಂಟ್ ಪೈಪಿನಿಂದ ಹೊರಬರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ತಗ್ಗಿನಲ್ಲಿ, ಚರಂಡಿಯಲ್ಲಿ ಕಣ್ಣಿಗೆ ಕಾಣದೆ ಹರಿದು ದೂರದ ಬೆಂಕಿಯನ್ನೂ ಮುಟ್ಟುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಸೇರಿದರೂ ಹೊತ್ತಿಕೊಳ್ಳುತ್ತದೆ.

ಇಂಥದ್ದು ಕಂಡರೆ ಸುಮ್ಮನಿರಬೇಡಿ. ಬಂಕಿನ ದೂರು ಪುಸ್ತಕದಲ್ಲಿ ಬರೆಯಿರಿ, ಬೋರ್ಡಿನಲ್ಲಿರುವ ಕಂಪನಿ ಅಧಿಕಾರಿಯ ನಂಬರಿಗೆ ಹೇಳಿ. ಪೆಟ್ರೋಲ್ ದಾಸ್ತಾನಿಗೆ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಪೆಸೊಗೂ (PESO) ದೂರು ಕೊಡಬಹುದು. ದಿನಾಂಕ, ಗಂಟೆ, ಟ್ಯಾಂಕರ್ ನಂಬರ್ ಬೇಕಾಗುತ್ತದೆ. ಫೋಟೊ ತೆಗೆಯುವುದಾದರೆ ರಸ್ತೆಯ ಆಚೆ ಬದಿಗೆ ಹೋಗಿ ತೆಗೆಯಿರಿ, ಬಂಕಿನೊಳಗೆ ಮೊಬೈಲ್ ಹೊರತೆಗೆಯಬೇಡಿ.