ಮೈಸೂರಿನಿಂದ ಥಾಯ್ಲೆಂಡಿಗಾ, ಮಲೇಷ್ಯಾಕ್ಕಾ?

ನಿವೃತ್ತಿಯ ನಂತರ ಕುವೆಂಪುನಗರದ ಮನೆ ಬಾಡಿಗೆಗೆ ಕೊಟ್ಟು ಹೊರಗೆ ನೆಲೆಸುವ ಯೋಚನೆ ಇದೆಯಾ? ಮೊದಲು ವೀಸಾ ಲೆಕ್ಕ ನೋಡಿ, ಬಾಡಿಗೆ ಲೆಕ್ಕ ಆಮೇಲೆ.

ಥಾಯ್ಲೆಂಡಿಗೆ 50 ವರ್ಷ ತುಂಬಿರಬೇಕು. ಅಲ್ಲಿನ ಬ್ಯಾಂಕಿನಲ್ಲಿ 8,00,000 ಬಾತ್, ಅಂದರೆ ನಮ್ಮ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಇರಬೇಕು. ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಇಲ್ಲಿನ ಪಿಂಚಣಿ ಎಷ್ಟು ಜನರಿಗೆ ಅಷ್ಟು ಬರುತ್ತೆ ಹೇಳಿ? ಹಾಗಾಗಿ ಠೇವಣಿಯೇ ದಾರಿ. ವರ್ಷ ವರ್ಷ ವೀಸಾ ನವೀಕರಣ, 90 ದಿನಕ್ಕೊಮ್ಮೆ ವಿಳಾಸ ತಿಳಿಸೋದು ತಪ್ಪಿದ್ದಲ್ಲ. ಕೆಲಸ ಮಾಡುವಂತಿಲ್ಲ. ಫ್ಲ್ಯಾಟ್ ಕೊಳ್ಳಬಹುದು, ಜಾಗ ನಿಮ್ಮ ಹೆಸರಿಗೆ ಆಗಲ್ಲ.

ಮಲೇಷ್ಯಾದ ಸಿಲ್ವರ್ ದರ್ಜೆ ವೀಸಾ 5 ವರ್ಷದ್ದು, ನೆಮ್ಮದಿ ಜಾಸ್ತಿ. ಆದರೆ 1,50,000 ಡಾಲರ್ ಠೇವಣಿ, ಮೇಲೆ ಕನಿಷ್ಠ 6,00,000 ರಿಂಗಿಟ್ ಬೆಲೆಯ ಮನೆ. ನಮ್ಮ ರಿಸರ್ವ್ ಬ್ಯಾಂಕ್ ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ಮಾತ್ರ ಕಳಿಸಲು ಬಿಡುತ್ತದೆ. ಎರಡೂ ಸೇರಿದರೆ ಆ ಮಿತಿ ದಾಟುತ್ತದೆ. ಒಂದೇ ವರ್ಷದಲ್ಲಿ ಕಳಿಸೋದಾದರೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಕಳಿಸಬೇಕಾಗುತ್ತೆ.

ಊಟಕ್ಕೆ ಮಲೇಷ್ಯಾನೇ ವಾಸಿ. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸಿನಲ್ಲಿ ಇಡ್ಲಿ, ದೋಸೆ ಸುಲಭವಾಗಿ ಸಿಗುತ್ತೆ. ಆದರೂ ಮಧ್ಯಮ ವರ್ಗದವರಿಗೆ ನಾನು ಥಾಯ್ಲೆಂಡನ್ನೇ ಹೇಳುತ್ತೇನೆ. ಮನಸ್ಸು ಬದಲಾದರೆ ಮಾರಬೇಕಾದ ಮನೆ ಅಲ್ಲಿರಲ್ಲ, ಅಲ್ವಾ?