ಕಾರಿನ ಬಾಗಿಲು ಕೂರುತ್ತಿಲ್ಲವೇ? ಸ್ಟ್ರೈಕರ್ ಸರಿಸಬೇಕೋ, ಲಾಚ್ ಬದಲಿಸಬೇಕೋ

ಎಷ್ಟು ಜೋರಾಗಿ ಹಾಕಿದರೂ ಬಾಗಿಲು ಸರಿಯಾಗಿ ಕೂರುತ್ತಿಲ್ಲ ಅಂದರೆ, ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ.

ಬಾಗಿಲು ತೆರೆದೇ ಇರಲಿ. ಅದರ ಅಂಚಿನಲ್ಲಿರುವ ಲಾಚಿನ (ಬಾಗಿಲನ್ನು ಹಿಡಿದಿಡುವ ಚಿಲಕದ) ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ. ಟಕ್, ಟಕ್ ಅಂತ ಎರಡು ಸಲ ಸದ್ದಾಗಿ ಅಲ್ಲೇ ನಿಲ್ಲಬೇಕು. ಮೊದಲನೆಯದು ಅರ್ಧ ಲಾಕ್, ಎರಡನೆಯದು ಪೂರ್ತಿ. ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸಿದ ಮೇಲೇ ಬಾಗಿಲು ಹಾಕಿ. ಮರೆತರೆ ಕೊಕ್ಕೆ ಸ್ಟ್ರೈಕರ್‌ಗೆ, ಅಂದರೆ ಬಾಗಿಲ ಚೌಕಟ್ಟಿನ ಕಂಬದಲ್ಲಿ ಅದು ಹಿಡಿದುಕೊಳ್ಳುವ ಲೋಹದ ಕುಣಿಕೆಗೆ, ಬಡಿದು ಹಾಳಾಗುತ್ತದೆ.

ಕೊಕ್ಕೆ ಗಟ್ಟಿಯಾಗಿ ನಿಂತಿತಾ? ಹಾಗಾದರೆ ಲಾಚ್ ಸರಿಯಿದೆ. ಕಂಬದ ಮೇಲಿನ ಸ್ಟ್ರೈಕರ್ ಜರುಗಿರಬಹುದು. ಸುತ್ತ ಮಾರ್ಕರ್‌ನಿಂದ ಗೆರೆ ಎಳೆದು, ಬೋಲ್ಟ್ ಸ್ವಲ್ಪ ಸಡಿಲಿಸಿ, ಒಂದೊಂದೇ ಮಿಲಿಮೀಟರ್ ಸರಿಸಿ ನೋಡಿ. ಮನೆಯಲ್ಲೇ ಆಗುವ ಕೆಲಸ, ಖರ್ಚಿಲ್ಲ. ಬಾಗಿಲಿನ ತುದಿ ಎತ್ತಿದಾಗ ಅಲುಗಾಡಿದರೆ ಮಾತ್ರ ಹಿಂಜ್ ಸವೆದಿದೆ. ಆಗ ಸ್ಟ್ರೈಕರ್ ಮುಟ್ಟಬೇಡಿ, ಮೊದಲು ಹಿಂಜ್ ಮಾಡಿಸಿ.

ಕೊಕ್ಕೆ ನಿಲ್ಲದಿದ್ದರೂ ತಕ್ಷಣ ಹೊಸ ಲಾಚ್ ತರಬೇಡಿ. ಧೂಳು ಸೇರಿ ಹಳೇ ಗ್ರೀಸ್ ಗಟ್ಟಿಯಾಗಿರುವುದೇ ಜಾಸ್ತಿ. ಡಬ್ಲ್ಯುಡಿ-40 ಸ್ಪ್ರೇ ಹೊಡೆದು ತೊಳೆದು, ಒರೆಸಿ, ಹೊಸ ಗ್ರೀಸ್ ಹಚ್ಚಿ. ಆಮೇಲೂ ಜಾರಿದರೆ ಬದಲಿಸಲೇಬೇಕು. ಒಳಗಿನ ಪ್ಯಾನೆಲ್ ಬಿಚ್ಚಬೇಕು, ಕಡ್ಡಿ, ಕೇಬಲ್ ಕಳಚಬೇಕು. ಎಷ್ಟೋ ಕಾರುಗಳಲ್ಲಿ ಸೆಂಟ್ರಲ್ ಲಾಕ್ ಮೋಟಾರ್ ಕೂಡ ಲಾಚಿಗೇ ಸೇರಿರುತ್ತದೆ, ಅದಕ್ಕೇ ಬೆಲೆ ಜಾಸ್ತಿ. ನಾನಾದರೆ ಇದನ್ನು ಗ್ಯಾರೇಜಿಗೇ ಬಿಡುತ್ತೇನೆ. ಬೆಂಗಳೂರಿನವರು ಬಿಡಿಭಾಗಕ್ಕೆ ಜೆ.ಸಿ. ರಸ್ತೆಯಲ್ಲೂ ವಿಚಾರಿಸಬಹುದು.

ಸರಿಯಾಗುವವರೆಗೆ ಆ ಬಾಗಿಲ ಪಕ್ಕ ಮಕ್ಕಳನ್ನು ಕೂರಿಸಬೇಡಿ.